ಎಷ್ಟು ಪ್ರೊಸೆಸರ್ ಎಂದು ಕೇಳಿದ್ದು ಗುರು

ಆ ದೋಷವನ್ನು ಪತ್ತೆ ಮಾಡಿದ್ದು ನಾನಲ್ಲ — ನನ್ನ ಗಂಡ ಗುರುಪ್ರಸಾದ್. ನಾನೇ ಪತ್ತೆ ಮಾಡಿದೆ ಎಂದು ಕಚೇರಿಯಲ್ಲಿ ಹೇಳಿಕೊಂಡೆ. ತಪ್ಪು ಅಷ್ಟಕ್ಕೇ ನಿಂತಿದ್ದರೆ ಬಹುಶಃ ಇದನ್ನು ಬರೆಯಲು ಕೂರುತ್ತಿರಲಿಲ್ಲ. ಮುಂದೊಂದು ದಿನ ಅವನು ಬೇರೊಬ್ಬರ ಎದುರು, ಅದು ತನ್ನ ಕೆಲಸ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಗ ಅವನು ಸುಳ್ಳುಗಾರ ಎಂದು ಅವರು ನಂಬುವಂತೆ ಮಾಡಿದವಳೂ ನಾನೇ. ಅವನಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡೆ — ಅದೇ ಮನೆಯಲ್ಲಿ, ಅದೇ ಊಟದ ಮೇಜಿನ ಎದುರು ಬದುರು ಕೂತು, ವರ್ಷಗಟ್ಟಲೆ.

ನಾವು ಮಲೇಷ್ಯಾಕ್ಕೆ ಬಂದದ್ದು ನನ್ನ ಕೆಲಸಕ್ಕಾಗಿ. ಕೌಲಾಲಂಪುರದ ಬಾಂಗ್ಸಾರ್‌ನಲ್ಲಿ ಕಚೇರಿ, ಸುಬಾಂಗ್ ಜಯಾದಲ್ಲಿ ಮನೆ. ನನಗೆ ಕೆಲಸದ ಪರವಾನಗಿ, ಗುರುವಿಗೂ ಮಗಳು ಅನಘಾಗೂ ಡಿಪೆಂಡೆಂಟ್ ಪಾಸ್. ಆ ಪಾಸ್ ಇದ್ದವರು ಸುಮ್ಮನೆ ಹೋಗಿ ಎಲ್ಲೂ ಕೆಲಸಕ್ಕೆ ಸೇರುವಂತಿಲ್ಲ. ಯಾವುದಾದರೂ ಕಂಪನಿ ಅವರನ್ನೇ ಬೇಕೆಂದು ಆರಿಸಿ, ಹೊಸ ಪರವಾನಗಿ ಮಾಡಿಸಿಕೊಡಬೇಕು. ಬೆಂಗಳೂರಿನಲ್ಲಿ ಗುರು ಸಿಸ್ಟಮ್ ಸಾಫ್ಟ್‌ವೇರ್ ಬರೆಯುತ್ತಿದ್ದವನು. ಕಂಪ್ಯೂಟರಿನ ಗುಂಡಿ ಒತ್ತಿದ ಕ್ಷಣದಲ್ಲಿ, ಪರದೆಯ ಮೇಲೆ ಇನ್ನೂ ಏನೂ ಮೂಡುವ ಮೊದಲೇ ಕೆಲಸ ಆರಂಭಿಸುವ ತಳದ ಪ್ರೋಗ್ರಾಮ್‌ಗಳಿರುತ್ತವಲ್ಲ — ಯಂತ್ರದಲ್ಲಿ ಎಷ್ಟು ಪ್ರೊಸೆಸರ್ ಇದೆ, ಎಷ್ಟು ಮೆಮೊರಿ ಇದೆ ಎಂದು ತಡಕಿ ನೋಡಿ, ಒಂದೊಂದನ್ನೇ ಎಬ್ಬಿಸುವಂಥವು — ಅವನ್ನು. ಅದೇ ಕಂಪನಿಯಲ್ಲಿ ನಾನು ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು, ಮೇಲಿನ ಹಂತದ ಪ್ರೋಗ್ರಾಮ್‌ಗಳ ಗುಂಪಿನವಳು. ಅಲ್ಲೇ ಪರಿಚಯ, ಅಲ್ಲೇ ಮದುವೆ.

ಇಲ್ಲೊಂದು ವಿಷಯ ಹೇಳಲೇಬೇಕು. ಹೇಳಿದರೆ ನೆಪ ಹುಡುಕಿದಂತಾಗುತ್ತದೆಯೇ ಎಂದು ಬಹಳ ಅಳುಕಿದೆ. ಆದರೂ — ಮದುವೆಯಾದ ಮೇಲೆ ಆ ಕಂಪನಿಯಲ್ಲಿ ನಾನು ಏನೇ ಚೆನ್ನಾಗಿ ಮಾಡಿದರೂ ಯಾರಾದರೊಬ್ಬರು ನಗುತ್ತಾ ಕೇಳುತ್ತಿದ್ದರು, "ಏನ್ ಮೇಡಂ, ಗುರು ಸರ್ ಬರ್ಕೊಟ್ರಾ?" ಅವನು ಒಂದು ಸಾಲನ್ನೂ ಬರೆದುಕೊಟ್ಟಿರಲಿಲ್ಲ. ಬಡ್ತಿ ಸಿಕ್ಕಾಗ ನನ್ನ ಸ್ವಂತ ದೊಡ್ಡಮ್ಮನೇ, "ಗಂಡ ಅದೇ ಲೈನ್‌ನಲ್ಲಿ ಇದ್ರೆ ಎಷ್ಟು ಅನುಕೂಲ ನೋಡು" ಎಂದಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಒಳಗೆ ಮಾತ್ರ ಏನೋ ಗಟ್ಟಿಯಾಗುತ್ತಾ ಹೋಗುತ್ತಿತ್ತು. ಮಲೇಷ್ಯಾದ ಕೆಲಸ ಬಂದಾಗ ನನಗಾದ ಅತಿ ದೊಡ್ಡ ಸಂತೋಷವೆಂದರೆ, ಅಲ್ಲಿ ಗುರು ಯಾರೆಂದು ಯಾರಿಗೂ ಗೊತ್ತಿಲ್ಲ ಎಂಬುದು. ಅದನ್ನು ಅವನಿಗೆ ಹೇಳಿರಲಿಲ್ಲ. ಅವನು ನನಗಾಗಿ ಕೆಲಸ ಬಿಟ್ಟು, ಪೆಟ್ಟಿಗೆ ಕಟ್ಟುತ್ತಿದ್ದ.

ಬಂದು ವರ್ಷ ತುಂಬುವಷ್ಟರಲ್ಲಿ ಕೋವಿಡ್. ಇಲ್ಲಿನವರು ಎಂಸಿಒ ಎಂದು ಕರೆಯುತ್ತಿದ್ದ ಲಾಕ್‌ಡೌನ್. ಮನೆಗೊಬ್ಬರು ಮಾತ್ರ ಸಾಮಾನು ತರಲು ಹೊರಗೆ ಹೋಗಬಹುದಿತ್ತು. ನಮ್ಮ ಮನೆಯ ಆ ಒಬ್ಬ ಗುರು. ನಾನು ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ, ಇನ್ನೊಂದು ತುದಿಯಲ್ಲಿ ಎಂಟು ವರ್ಷದ ಅನಘಾಳ ಆನ್‌ಲೈನ್ ಶಾಲೆ. ನಡುವೆ ಗುರು ತಟ್ಟೆ ಇಡುತ್ತಿದ್ದ, ತೆಗೆಯುತ್ತಿದ್ದ. ಅಡುಗೆ ಅವನದು, ಮಗಳ ಮಲಯ್ ಭಾಷೆಯ ಹೋಂವರ್ಕ್ ಅವನದು — ಅವಳಿಗಾಗಿ ತಾನೇ ಮಲಯ್ ಕಲಿಯುತ್ತಿದ್ದ. ನನ್ನ ಮೀಟಿಂಗ್ ನಡೆಯುವಾಗ ಕುಕ್ಕರ್ ಕೂಗದಂತೆ ಸಮಯ ನೋಡಿ ಇಡುತ್ತಿದ್ದ.

ನಮ್ಮ ಕಂಪನಿಯ ಕೆಲಸ ಖಾಸಗಿ ಕ್ಲಿನಿಕ್‌ಗಳಿಗೆ ವಿಡಿಯೊ ಸಮಾಲೋಚನೆಯ ವ್ಯವಸ್ಥೆ ಮಾಡಿಕೊಡುವುದು. ರೋಗಿ ಮನೆಯಿಂದ ಕರೆ ಮಾಡಿದರೆ, ಸರದಿಯಲ್ಲಿ ಕೂರಿಸಿ, ಬಿಡುವಾದ ವೈದ್ಯರಿಗೆ ಜೋಡಿಸುವ ಪ್ರೋಗ್ರಾಮ್ ನನ್ನ ತಂಡದ್ದು. ಮೊದಲು ದಿನಕ್ಕೆ ಕೆಲವೇ ಕರೆ ಬರುತ್ತಿದ್ದ ಕಡೆ ಈಗ ಎಲ್ಲರೂ ಅಲ್ಲಿಗೇ. ನಮ್ಮ ಕಚೇರಿಯ ಪುಟ್ಟ ಯಂತ್ರಕ್ಕೆ ಅದು ಸಾಲದು ಎಂದು ದೊಡ್ಡ ಬಾಡಿಗೆ ಯಂತ್ರಗಳಿಗೆ ಪ್ರೋಗ್ರಾಮನ್ನು ಸಾಗಿಸಿದೆವು. ಸಾಗಿಸಿದ ಮೇಲೆ ಸರಿಯಾಗಬೇಕಿತ್ತಲ್ಲ — ಇನ್ನೂ ಹದಗೆಟ್ಟಿತು. ರೋಗಿಗಳು ಸರದಿಯಲ್ಲೇ ಸಿಕ್ಕಿಬೀಳುತ್ತಿದ್ದರು. ವೈದ್ಯರು ಖಾಲಿ ಪರದೆ ನೋಡುತ್ತಾ ಕೂತಿರುತ್ತಿದ್ದರು, ಅತ್ತ ಜ್ವರ ಬಂದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ 'ದಯವಿಟ್ಟು ಕಾಯಿರಿ' ಎಂಬ ಬರಹ ನೋಡುತ್ತಾ ಕೂತಿರುತ್ತಿದ್ದಳು. ಇನ್ನೂ ದೊಡ್ಡ ಯಂತ್ರ ತೆಗೆದುಕೊಂಡೆವು. ಇನ್ನೂ ಹದಗೆಟ್ಟಿತು.

ನನ್ನ ಮೇಲಧಿಕಾರಿ ಲಿಮ್ ಎಂದೂ ದನಿ ಎತ್ತಿದವರಲ್ಲ. ಆ ದಿನವೂ ಎತ್ತಲಿಲ್ಲ. "ಭಾರತಿ, ಕ್ಲಿನಿಕ್‌ನವರು ಬೇರೆ ಕಂಪನಿ ಹುಡುಕ್ತಿದಾರೆ. ನಾಳೆ ಮಧ್ಯಾಹ್ನ ಅವರ ಜೊತೆ ಮೀಟಿಂಗ್. ನೀನು ಏನಾದ್ರೂ ಹೇಳೋ ಹಾಗಿರ್ಬೇಕು ಲಾ," ಎಂದರು, ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ. ಆಗಲೇ ಬೇರೆ ತಂಡಗಳಿಂದ ಜನರನ್ನು ಮನೆಗೆ ಕಳಿಸುತ್ತಿದ್ದರು. ನನ್ನ ಕೆಲಸ ಹೋದರೆ ಮೂವರ ಪಾಸೂ ಹೋಗುತ್ತದೆ, ವಿಮಾನಗಳೂ ಇಲ್ಲ. ಕರೆ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಹಣೆಯಿಟ್ಟು ಕೂತಿದ್ದೆ.

ಗುರು ಆಗಷ್ಟೇ ಅಂಗಡಿಯಿಂದ ಬಂದಿದ್ದ. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದಂತೆ ಹಾಲಿನ ಪ್ಯಾಕೆಟ್‌ಗಳನ್ನು ಸಾಬೂನು ಹಚ್ಚಿ ತೊಳೆಯುತ್ತಾ ಅಡುಗೆಮನೆಯಿಂದಲೇ ಕೇಳಿದ, "ನಿಮ್ ಪ್ರೋಗ್ರಾಮು ಶುರುವಾದಾಗ ಎಷ್ಟು ವರ್ಕರ್‌ಗಳನ್ನ ಎಬ್ಬಿಸತ್ತೆ?"

"ಪ್ರೊಸೆಸರ್ ಎಷ್ಟಿದ್ಯೋ ಅಷ್ಟು," ಎಂದೆ, ತಲೆ ಎತ್ತದೆ.

"ಎಷ್ಟಿದೆ ಅಂತ ಅದಕ್ಕೆ ಹೇಗ್ ಗೊತ್ತಾಗತ್ತೆ?"

"ಸಿಸ್ಟಮ್‌ನ ಕೇಳತ್ತೆ ಗುರು. ಸಿಸ್ಟಮ್ ಹೇಳತ್ತೆ. ಅದೂ ಒಂದು ಪ್ರಶ್ನೇನಾ?"

ಅವನು ನಲ್ಲಿ ನಿಲ್ಲಿಸಿದ. ಒದ್ದೆ ಕೈಯಲ್ಲೇ ಬಂದು ನನ್ನ ಪಕ್ಕ ನಿಂತ. "ಸಿಸ್ಟಮ್ ಏನ್ ಹೇಳ್ತು ಅಂತ ನೋಡಿದೀಯಾ?"

ನೋಡಿರಲಿಲ್ಲ. ನನ್ನ ತಂಡದಲ್ಲಿ ಯಾರೂ ನೋಡಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ನೋಡಿದರೆ — ಅರವತ್ತನಾಲ್ಕು. ನಾವು ಬಾಡಿಗೆಗೆ ಪಡೆದದ್ದು ಒಂದೊಂದು ಯಂತ್ರದಲ್ಲೂ ಎರಡು ಪ್ರೊಸೆಸರ್‌ನಷ್ಟು ಪಾಲು ಮಾತ್ರ.

"ಇದೇ," ಎಂದ ಗುರು. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಆ ಬೆಳಕು ಕಂಡೆ. ಕುರ್ಚಿ ಎಳೆದುಕೊಂಡು ಕೂತು ಹೇಳಿದ. "ನೋಡು, ಯಂತ್ರದಲ್ಲಿ ಎಷ್ಟಿದೆ ಅನ್ನೋದು ಒಂದು ಪ್ರಶ್ನೆ. ಅದ್ರಲ್ಲಿ ಎಷ್ಟು ಎದ್ದು ಕೂತಿದೆ ಅನ್ನೋದು ಇನ್ನೊಂದು. ನಮಗೆ ಎಷ್ಟು ಕೊಟ್ಟಿದಾರೆ ಅನ್ನೋದು ಮೂರನೇದು. ನಿಮ್ ಪ್ರೋಗ್ರಾಮು ಎರಡನೇದನ್ನ ಕೇಳ್ತಿದೆ, ಬೇಕಾಗಿರೋದು ಮೂರನೇದು. ಸಿಸ್ಟಮ್ ಸುಳ್ಳು ಹೇಳ್ತಿಲ್ಲ ಪಾಪ, ಕೇಳಿದ್ದಕ್ಕೆ ಉತ್ತರ ಕೊಡ್ತಿದೆ. ನಿಮ್ ಪಾಲು ಎರಡೇ ಅನ್ನೋದು ಬೇರೆ ಕಡೆ ಬರ್ದಿರತ್ತೆ. ಅಲ್ಲಿ ಯಾರೂ ಹೋಗಿ ನೋಡ್ತಿಲ್ಲ."

ಆಮೇಲೆ ನಡೆಯುವುದನ್ನೂ ಅವನೇ ಹೇಳಿದ. ವರ್ಕರ್‌ಗಳೆಂದರೆ ಕೆಲಸ ಹಂಚಿಕೊಂಡು ಮಾಡುವ ತುಣುಕು ಪ್ರೋಗ್ರಾಮ್‌ಗಳು; ಅಂಥ ಅರವತ್ತನಾಲ್ಕು ಜನ ಒಟ್ಟಿಗೆ ಎದ್ದು ಇಬ್ಬರ ಊಟಕ್ಕೆ ಕೈ ಹಾಕುತ್ತಾರೆ. ನಮ್ಮ ಪಾಲಿನ ಸಮಯವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಾರೆ. ಮುಂದಿನ ಸರದಿ ಬರುವವರೆಗೆ ಸಿಸ್ಟಮ್ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿಬಿಡುತ್ತದೆ. ಆ ನಿಂತ ಹೊತ್ತಿನಲ್ಲಿ ರೋಗಿ ಸರದಿಯಲ್ಲೇ ಉಳಿಯುತ್ತಾನೆ. ಹಳೆಯ ಪುಟ್ಟ ಯಂತ್ರ ಪೂರ್ತಿ ನಮ್ಮದೇ ಆಗಿದ್ದರಿಂದ ಅಲ್ಲಿ ಎಣಿಕೆ ಸರಿಯಾಗಿಯೇ ಇತ್ತು. ಇಲ್ಲಿ ಯಂತ್ರ ದೊಡ್ಡದಾದಷ್ಟೂ ನೂಕುನುಗ್ಗಲು ಹೆಚ್ಚು.

ಪರೀಕ್ಷೆಗೆಂದು ಒಂದು ಯಂತ್ರದಲ್ಲಿ, ಕೇಳುವುದನ್ನೇ ಬಿಟ್ಟು ಎರಡು ಎಂದು ನಾನೇ ಬರೆದು ಪ್ರೋಗ್ರಾಮನ್ನು ಮತ್ತೆ ಶುರು ಮಾಡಿದೆ. ಸರದಿ ಕರಗಿತು. ನೋಡನೋಡುತ್ತಿದ್ದಂತೆ ಕರಗಿತು. ನಾನು ಗುರುವಿನ ಕುತ್ತಿಗೆಗೆ ಜೋತುಬಿದ್ದೆ. ಮೇಜಿನ ಆ ತುದಿಯಿಂದ ಅನಘಾ, "ಅಮ್ಮಾ, ಐ ಆ್ಯಮ್ ಇನ್ ಕ್ಲಾಸ್!" ಎಂದು ಕೂಗಿದಳು. ಇಬ್ಬರೂ ಬಾಯಿಗೆ ಕೈ ಇಟ್ಟುಕೊಂಡು ನಕ್ಕೆವು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ನಮ್ಮಿಬ್ಬರ ನಡುವೆ ಯಾವ ಕಳ್ಳತನವೂ ಇಲ್ಲದ ಕೊನೆಯ ನಗು ಅದು.

ಮರುದಿನದ ಮೀಟಿಂಗ್‌ನಲ್ಲಿ ಲಿಮ್ ಇದ್ದರು, ಕ್ಲಿನಿಕ್‌ನವರ ಪರವಾಗಿ ಅವರ ತಾಂತ್ರಿಕ ಮುಖ್ಯಸ್ಥ ದೇವೇಂದ್ರನ್ ಇದ್ದರು. ದೇವೇಂದ್ರನ್ ಇಲ್ಲೇ ಹುಟ್ಟಿ ಬೆಳೆದ ತಮಿಳರು; ಮಾತು ಕಡಿಮೆ, ಪ್ರಶ್ನೆ ಚೂಪು. ನಾನು ವಿವರಿಸಿದೆ. ಎಷ್ಟಿದೆ, ಎಷ್ಟು ಎದ್ದಿದೆ, ನಮಗೆ ಎಷ್ಟು ಕೊಟ್ಟಿದ್ದಾರೆ — ಗುರುವಿನ ಮಾತನ್ನೇ, ಅವನ ಕ್ರಮದಲ್ಲೇ. ಮುಗಿಸಿದಾಗ ದೇವೇಂದ್ರನ್ ಮೊದಲ ಬಾರಿಗೆ ನಕ್ಕರು. "ಇದನ್ನ ಹುಡುಕಿದ್ದು ಯಾರು?" ಎಂದು ಕೇಳಿದರು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಗುರು ಅಡುಗೆಮನೆಯಲ್ಲಿದ್ದ, ಮೈಕ್ ಆರಿಸಿ ಕೂಗಿದ್ದರೆ ಬಂದು ನಿಲ್ಲುತ್ತಿದ್ದ. ಆದರೆ ಆ ಕ್ಷಣದಲ್ಲಿ ಬೆಂಗಳೂರಿನ ಆ ನಗುವೆಲ್ಲ — ಗುರು ಸರ್ ಬರ್ಕೊಟ್ರಾ — ಒಟ್ಟಿಗೆ ಕಿವಿಯಲ್ಲಿ ತುಂಬಿತು. ಅಷ್ಟು ವರ್ಷ ಸುಳ್ಳಾಗಿದ್ದ ಮಾತು ಅವತ್ತು ನಿಜವಾಗಿತ್ತು. ಅದನ್ನು ನನ್ನ ಬಾಯಿಂದಲೇ —

"ನಾನೇ," ಎಂದೆ. "ನಾನೇ ಹುಡುಕಿದ್ದು."

ಹೆಡ್‌ಫೋನ್ ಹಾಕಿಕೊಂಡಿದ್ದೆ, ಅವರ ಪ್ರಶ್ನೆ ಗುರುವಿಗೆ ಕೇಳಿಸಿರಲಿಲ್ಲ. ನನ್ನ ಉತ್ತರವನ್ನು ಪಿಸುಮಾತಿನಷ್ಟು ಸಣ್ಣಗೆ ಹೇಳಿದ್ದೆ. ಅಂದರೆ, ತಪ್ಪು ಮಾಡುತ್ತಿದ್ದೇನೆಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಮೀಟಿಂಗ್ ಮುಗಿದ ಮೇಲೆ ಅವನು ಚಹಾ ತಂದಿಟ್ಟು ಕೇಳಿದ, "ಏನಂದ್ರು? ನಾನ್ ಹೇಳ್ದೆ ಅಂತ ಹೇಳಿದ್ಯಾ?" ಚಿಕ್ಕ ಹುಡುಗನ ಹಾಗೆ ಕೇಳಿದ. ಇಲ್ಲಿಗೆ ಬಂದಾಗಿನಿಂದ ಅವನ ಕೆಲಸದ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ.

"ಹ್ಞೂಂ, ಹೇಳ್ದೆ. ಎಲ್ಲರೂ ನಿಂಗೆ ಥ್ಯಾಂಕ್ಸ್ ಹೇಳಿದ್ರು," ಎಂದೆ.

ಇಲ್ಲಿಗೆ ಎರಡು ಸುಳ್ಳಾದವು. ಅವೆರಡೂ ಎಂದಾದರೂ ಎದುರುಬದುರು ಬರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಕ್ಲಿನಿಕ್‌ನವರು ನಮ್ಮಲ್ಲೇ ಉಳಿದರು. ನನಗೆ ತಂಡದ ಮುಖ್ಯಸ್ಥೆಯ ಸ್ಥಾನ ಸಿಕ್ಕಿತು. ಗುರು ಪಕ್ಕದ ಮನೆಯ ಕಮಲಾ ಆಂಟಿಗೂ ಪಾಲು ಕೊಡುವಷ್ಟು ಪಾಯಸ ಮಾಡಿದ. ಬಾಗಿಲಲ್ಲಿ ಮಾಸ್ಕ್ ಹಾಕಿ ನಿಂತು ಆಂಟಿಗೆ, "ನಮ್ಮವಳು ಆಫೀಸಲ್ಲಿ ಮೇಲೆ ಹೋದ್ಲು ಆಂಟಿ," ಎಂದು ತನಗೆ ಬಂದ ಹರಕು ತಮಿಳಿನಲ್ಲಿ ಹೇಳುತ್ತಿದ್ದ. ನಾನು ಒಳಗೆ ಪಾಯಸದ ಲೋಟ ಹಿಡಿದು ಕೂತಿದ್ದೆ.

ಮುಂದಿನ ವರ್ಷದ ಕೊನೆಗೆ, ಲಸಿಕೆ ಬಂದು, ಕಚೇರಿಗಳು ಅರ್ಧಂಬರ್ಧ ತೆರೆದವು. ನಾನು ಮತ್ತೆ ಎಲ್‌ಆರ್‌ಟಿ ರೈಲು ಹತ್ತಿ ಬಾಂಗ್ಸಾರ್‌ಗೆ ಹೋಗತೊಡಗಿದೆ. ಆಗಲೇ ಗುರುವಿಗೆ ಒಂದು ಕಂಪನಿಯಿಂದ ಇಂಟರ್‌ವ್ಯೂ ಬಂತು. ಸಿಸ್ಟಮ್ ಸಾಫ್ಟ್‌ವೇರಿನದೇ ಕೆಲಸ, ಪರವಾನಗಿಯನ್ನೂ ಅವರೇ ಮಾಡಿಸಿಕೊಡುವವರು. ಅವನು ಹಳೆಯ ಶರ್ಟ್‌ಗಳನ್ನೆಲ್ಲ ಹಾಕಿ ನೋಡಿದ. ಲಾಕ್‌ಡೌನ್‌ನಲ್ಲಿ ದಪ್ಪಗಾಗಿದ್ದ, ಯಾವುದೂ ಮೈಗೆ ಆಗಲಿಲ್ಲ. ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಹೊಸದೊಂದನ್ನು ತಂದ. ಇಂಟರ್‌ವ್ಯೂ ಮುಗಿಸಿ ಬಂದವನು ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ರೋಟಿ ಚನಾಯ್ ಎಂಬ ಪರೋಟ ಕಟ್ಟಿಸಿಕೊಂಡು ತಂದಿದ್ದ — ಅಂದರೆ ಖುಷಿಯಲ್ಲಿದ್ದ.

"ತುಂಬಾ ಕಷ್ಟದ ಪ್ರಾಬ್ಲಮ್ ಯಾವ್ದು ಸಾಲ್ವ್ ಮಾಡಿದೀರಿ ಅಂತ ಕೇಳಿದ್ರು ಕಣೇ. ನಿಮ್ ಕ್ಲಿನಿಕ್‌ದೇ ಹೇಳ್ದೆ, ನನ್ ಹೆಂಡ್ತಿ ಆಫೀಸ್‌ದು ಅಂತ. ಕೇಳ್ತಿದ್ದವರು ದೇವೇಂದ್ರನ್ ಅಂತೆ, ಆಗ ಆ ಕ್ಲಿನಿಕ್‌ನಲ್ಲೇ ಇದ್ರಂತೆ! ಈಗ ಇಲ್ಲಿ ಸೇರ್ಕೊಂಡಿದಾರೆ. ಎಂಥಾ ಕೋ-ಇನ್ಸಿಡೆನ್ಸ್ ನೋಡು. ನೀನ್ ನನ್ ಹೆಸರು ಹೇಳಿದ್ಯಲ್ಲ, ಅವರಿಗೆ ಜ್ಞಾಪಕ ಇರತ್ತೆ ಅನ್ಕೊಂಡೆ. ಯಾಕೋ ಏನೂ ಹೇಳ್ಲಿಲ್ಲ, ಬರ್ಕೊಂಡ್ರು ಅಷ್ಟೇ."

ಆಗಲೇ ಹೇಳಬಹುದಿತ್ತು. ಗುರು, ಒಂದು ನಿಮಿಷ, ನಾನೊಂದು ತಪ್ಪು ಮಾಡಿದ್ದೇನೆ — ಅಷ್ಟು ಸಾಕಿತ್ತು. ಅವನೇ ದೇವೇಂದ್ರನ್‌ಗೆ ಫೋನ್ ಮಾಡಲು ಹೇಳುತ್ತಿದ್ದ. ನಾನು ನೀರು ಕುಡಿದೆ.

ಮರುದಿನ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ದೇವೇಂದ್ರನ್ ಅವರೇ ಫೋನ್ ಮಾಡಿದರು. ನಾನು ಮೆಟ್ಟಿಲ ಕಡೆ ಹೋಗಿ ಮಾತಾಡಿದೆ. ತುಂಬಾ ಸಂಕೋಚದಿಂದಲೇ ಕೇಳಿದರು. "ಭಾರತಿ, ಸಣ್ಣ ವಿಷಯ. ನಿಮ್ಮ ಗಂಡ ಆ ಪ್ರೊಸೆಸರ್ ಸಮಸ್ಯೆ ತಾವು ಹುಡುಕಿದ್ದು ಅಂತ ಹೇಳಿದ್ರು. ಆ ಮೀಟಿಂಗ್‌ನಲ್ಲಿ ನೀವು ಹುಡುಕಿದ್ದು ಅಂದಿದ್ರಿ. ನಾನು ತಪ್ಪು ತಿಳ್ಕೊಂಡಿದೀನಾ?"

ಅವರು ನನಗೆ ಬಾಗಿಲು ತೆರೆದೇ ಹಿಡಿದಿದ್ದರು. 'ಹೌದು, ತಪ್ಪು ತಿಳಿದಿದ್ದೀರಿ' ಎಂದಿದ್ದರೂ ಸಾಕಿತ್ತು. ಕೆಳಗಿನ ಮಹಡಿಯಲ್ಲಿ ಲಿಮ್ ಯಾರೊಡನೆಯೋ ಮಾತಾಡುತ್ತಾ ಮೆಟ್ಟಿಲು ಹತ್ತಿ ಬರುವುದು ಕೇಳಿಸುತ್ತಿತ್ತು.

"ಇಲ್ಲ, ನೀವು ತಿಳಿದದ್ದು ಸರಿ," ಎಂದೆ. "ಅವನು ಮನೆಯಲ್ಲೇ ಇರ್ತಾನಲ್ಲ, ನನ್ನ ಮೀಟಿಂಗ್‌ಗಳೆಲ್ಲ ಅವನ ಕಿವಿಗೆ ಬಿದ್ದಿರತ್ತೆ. ನಾನೇ ಅವನಿಗೆ ವಿವರಿಸಿದ್ದೆ. ತುಂಬಾ ದಿನದಿಂದ ಕೆಲಸ ಇಲ್ಲ, ಪಾಪ... ಬೇಜಾರು ಮಾಡ್ಕೋಬೇಡಿ."

'ಪಾಪ' ಎಂದೆ. ಆ ಒಂದು ಮಾತು ಉಳಿದ ಎಲ್ಲಕ್ಕಿಂತ ಹೆಚ್ಚು ನನ್ನನ್ನು ಇರಿಯುತ್ತದೆ. ಸುಳ್ಳು ಹೇಳುವುದು ಬೇರೆ. ಅವನ ಮೇಲೆ ಕನಿಕರ ಇದ್ದವಳ ಹಾಗೆ ನಟಿಸಿ, ಅವನನ್ನು ಅಷ್ಟು ಸಣ್ಣವನನ್ನಾಗಿ ಮಾಡುವುದು —

"ಅರ್ಥವಾಯ್ತು," ಎಂದರು ದೇವೇಂದ್ರನ್. "ನಾನು ಕೇಳಿದ್ದು ಅವರಿಗೆ ಹೇಳ್ಬೇಡಿ. ನಾನೂ ಹೇಳಲ್ಲ."

ಗುರುವಿಗೆ ಆಯ್ಕೆಯಾಗಿಲ್ಲ ಎಂಬ ಎರಡು ಸಾಲಿನ ಇಮೇಲ್ ಬಂತು. ಕಾರಣವಿರಲಿಲ್ಲ. ಕಾರಣವಿಲ್ಲದ್ದರಿಂದ ಅವನು ಕಾರಣ ಹುಡುಕತೊಡಗಿದ. ಅವನ ಸ್ವಭಾವವೇ ಅದು. ಇಂಟರ್‌ವ್ಯೂನಲ್ಲಿ ಕೇಳಿದ ಒಂದೊಂದು ಪ್ರಶ್ನೆ, ತಾನು ಕೊಟ್ಟ ಒಂದೊಂದು ಉತ್ತರ — ಮಗಳ ತಲೆ ಬಾಚುತ್ತಾ, ತರಕಾರಿ ಹೆಚ್ಚುತ್ತಾ ಮತ್ತೆ ಮತ್ತೆ ಒರೆಹಚ್ಚಿ ನೋಡುತ್ತಿದ್ದ. ಒಂದು ಭಾನುವಾರ ನನ್ನ ಎದುರು ಕೂತು ಪ್ರೊಸೆಸರ್ ಎಣಿಕೆಯ ವಿಷಯವನ್ನೆಲ್ಲ ಮೊದಲಿನಿಂದ ಹೇಳಿದ. ಆಮೇಲೆ ಕೇಳಿದ, "ಇದ್ರಲ್ಲಿ ಎಲ್ಲೋ ತಪ್ಪಿದೆ ಅನ್ಸತ್ತೆ. ಅವರು ಅಲ್ಲೇ ಇದ್ದವರು, ಅವರಿಗೆ ಗೊತ್ತು. ನಾನ್ ಏನೋ ತಪ್ಪು ಹೇಳಿರ್ಬೇಕು. ನೀನ್ ನೋಡು, ನಿಂಗೆ ಈಗಿಂದೆಲ್ಲ ಗೊತ್ತಿರತ್ತೆ."

ಅದರಲ್ಲಿ ತಪ್ಪೇನೂ ಇರಲಿಲ್ಲ. ಅಕ್ಷರ ಅಕ್ಷರವೂ ಸರಿ.

"ಸ್ವಲ್ಪ ಹಳೇದಾಗಿರ್ಬೇಕು ಗುರು," ಎಂದೆ. "ಈಗೆಲ್ಲಾ ಬೇಗ ಬದಲಾಗತ್ತಲ್ಲ."

ಅವನು ತಲೆಯಾಡಿಸಿದ. ನನ್ನನ್ನು ನಂಬಿದ. ಇನ್ನೂ ಮೂರು ನಾಲ್ಕು ಕಡೆ ಅರ್ಜಿ ಹಾಕಿದ. ಕೆಲವರು ಕರೆಯಲೇ ಇಲ್ಲ, ಒಬ್ಬರು ಮೊದಲ ಮಾತುಕತೆಯಾದ ಮೇಲೆ ಸುಮ್ಮನಾದರು. ಆಮೇಲೆ ಹಾಕುವುದನ್ನು ಬಿಟ್ಟ. "ನನ್ ಕಾಲ ಮುಗೀತು ಕಣೇ," ಎಂದು ಒಮ್ಮೆ ತಮಾಷೆಯಂತೆ ಹೇಳಿದ. ಅಪಾರ್ಟ್‌ಮೆಂಟಿನ ಮಕ್ಕಳು ಗಣಿತ ಕೇಳಿಕೊಂಡು ಮನೆಗೆ ಬರತೊಡಗಿದರು. ಚೆನ್ನಾಗಿ ಹೇಳಿಕೊಡುತ್ತಿದ್ದ, ಮಕ್ಕಳಿಗೆ ಅವನೆಂದರೆ ಪ್ರಾಣ. ಆದರೆ ತನ್ನ ಹಳೆಯ ಲ್ಯಾಪ್‌ಟಾಪನ್ನು ಅನಘಾಳಿಗೆ ಕೊಟ್ಟುಬಿಟ್ಟ. ನನ್ನ ಕೆಲಸದ ಮಾತು ಬಂದರೆ ಎದ್ದು ಹೋಗುತ್ತಿದ್ದ — ಕೋಪದಿಂದಲ್ಲ, ತನಗೆ ಸಂಬಂಧಪಡದ ಮಾತಿನ ನಡುವೆ ಇರಬಾರದೆಂಬ ಮರ್ಯಾದೆಯಿಂದ. ನಾನು ಏನು ಅಂದುಕೊಂಡೆ ಗೊತ್ತೇ? ಸದ್ಯ, ಇನ್ನು ಯಾರೂ ಕೇಳುವುದಿಲ್ಲ ಎಂದುಕೊಂಡೆ.

ಹೀಗೆ ವರ್ಷಗಳು ಹೋದವು. ಅನಘಾ ಈಗ ಸೆಕೆಂಡರಿ ಶಾಲೆಯವಳು. ಈಚೆಗೆ ಒಂದು ಸಂಜೆ ಶಾಲೆಯ ಪ್ರೋಗ್ರಾಮಿಂಗ್ ಪ್ರಾಜೆಕ್ಟ್ ಹಿಡಿದುಕೊಂಡು ಹಾಲ್‌ಗೆ ಬಂದಳು. ಗುರು ಅಲ್ಲೇ ಕೂತಿದ್ದ, ನಾನು ಬಟ್ಟೆ ಮಡಿಸುತ್ತಿದ್ದೆ. ಅವಳು ಅವನನ್ನು ದಾಟಿ ನನ್ನ ಬಳಿ ಬಂದಳು.

"ಅಪ್ಪನ್ನ ಕೇಳು," ಎಂದೆ.

ಅವಳಿಗೆ ಆಶ್ಚರ್ಯವಾಯಿತು. "ಬಟ್ ಅಪ್ಪಾ ಡಸಂಟ್ ನೋ ಕಂಪ್ಯೂಟರ್ಸ್, ರೈಟ್?" ಎಂದಳು. ಕೆಟ್ಟ ಮನಸ್ಸಿನಿಂದಲ್ಲ. ಅವಳಿಗೆ ನೆನಪಿರುವ ಅಪ್ಪ ಅಡುಗೆ ಮಾಡುವ, ಗಣಿತ ಹೇಳಿಕೊಡುವ ಅಪ್ಪ.

ಗುರು ನಕ್ಕ. "ಹೌದು ಪುಟ್ಟಿ, ಅಮ್ಮನ್ನೇ ಕೇಳು. ಅಪ್ಪಂಗೆ ಅದೆಲ್ಲ ಮರ್ತೋಗಿದೆ," ಎಂದ.

ಒಂದು ವಾಕ್ಯದಲ್ಲಿ ನನ್ನ ಸುಳ್ಳಿಗೆ ಅವನೇ ಸಹಿ ಹಾಕಿದ. ನಾನು ಕದ್ದದ್ದು ಒಂದು ಕೆಲಸವನ್ನಲ್ಲ ಎಂದು ಆಗ ತಿಳಿಯಿತು. ಅವನು ತನ್ನನ್ನು ಯಾರೆಂದು ತಿಳಿದಿದ್ದನೋ ಅದನ್ನೇ ತೆಗೆದುಬಿಟ್ಟಿದ್ದೆ. ಮಗಳಿಗೆ ಅವಳ ಅಪ್ಪನ ಪರಿಚಯವೇ ಇರಲಿಲ್ಲ.

ಆ ವಾರವೇ, ಭಾನುವಾರ ಬೆಳಿಗ್ಗೆ ಅನಘಾ ಗೆಳತಿಯ ಮನೆಗೆ ಹೋಗಿದ್ದಳು. ಗುರು ಅವಳ ಶಾಲೆಯ ಯೂನಿಫಾರ್ಮ್‌ಗೆ ಇಸ್ತ್ರಿ ಹಾಕುತ್ತಿದ್ದ. ನಿಂತಲ್ಲೇ ಹೇಳಿದೆ. ಮೀಟಿಂಗ್‌ನ 'ನಾನೇ', ನಿನ್ನ ಹೆಸರು ಹೇಳಿದೆ ಎಂದ ಸುಳ್ಳು, ದೇವೇಂದ್ರನ್ ಅವರ ಫೋನ್, 'ಪಾಪ' ಎಂದದ್ದು, ಹಳೆಯದಾಗಿರಬೇಕು ಎಂದದ್ದು — ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಬೆಂಗಳೂರಿನ ನಗುವಿನ ವಿಷಯವನ್ನು ಎತ್ತಲೂ ಇಲ್ಲ.

ಅವನು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ. ಆ ನೀಲಿ ಬಟ್ಟೆಯ ಮೇಲೆ ಕೈಯಾಡಿಸಿದ. ಬೈಯುತ್ತಾನೆ ಎಂದು ಕಾದೆ. ಬೈದರೆ ಒಳ್ಳೆಯದು ಎಂದೂ ಆಸೆಪಟ್ಟೆ.

"ಹಾಗಾದ್ರೆ," ಎಂದ ಮೆಲ್ಲಗೆ, ನನಗಲ್ಲ, ತನಗೇ ಹೇಳಿಕೊಳ್ಳುವಂತೆ, "ನಾನು ಇಂಟರ್‌ವ್ಯೂ ಚೆನ್ನಾಗೇ ಮಾಡಿದ್ದೆ."

"ಹೌದು," ಎಂದೆ.

"ಹೇಳಿದ್ದೆಲ್ಲ ಸರಿ ಇತ್ತು."

"ಎಲ್ಲಾ ಸರಿ ಇತ್ತು ಗುರು."

ಅವನ ಕಣ್ಣು ತುಂಬಿತು. ನನ್ನ ಮೋಸಕ್ಕೆ ಅಳುತ್ತಿದ್ದನೋ, ತಾನು ದಡ್ಡನಾಗಿರಲಿಲ್ಲ ಎಂಬುದಕ್ಕೋ — ನಾನು ಕೇಳಲಿಲ್ಲ. ಕೇಳುವ ಅಧಿಕಾರ ನನಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತು, "ಅವರಿಗೆ ಹೇಳು. ನಾನ್ ಇಲ್ದಾಗ ಹೇಳು," ಎಂದು ಹೊರಗೆ ಹೋದ.

ದೇವೇಂದ್ರನ್ ಅವರ ನಂಬರ್ ನನ್ನ ಬಳಿ ಇನ್ನೂ ಇತ್ತು. ಅವರು ನನ್ನ ಮಾತನ್ನೆಲ್ಲ ಕೇಳಿದರು.

"ಭಾರತಿ," ಎಂದರು ಕೊನೆಗೆ, "ನೀವು ಅವತ್ತು ಹೇಳಿದ ಮೇಲೆ ನಾನು ಬೇರೆ ಕಂಪನಿಗಳಲ್ಲಿ ನನಗೆ ಗೊತ್ತಿದ್ದ ಇನ್ನಿಬ್ಬರಿಗೂ ಹೇಳಿದ್ದೆ. ಈ ಮನುಷ್ಯ ಬೇರೆಯವರ ಕೆಲಸ ತನ್ನದು ಅಂತಾನೆ, ಹುಷಾರು ಅಂತ. ಆ ಕಂಪನಿಗಳಿಗೂ ನಿಮ್ಮ ಗಂಡನ ಅರ್ಜಿ ಹೋಗಿತ್ತು. ನನ್ನ ಕೈಯಲ್ಲಿ ಎಂಥಾ ಕೆಲಸ ಮಾಡಿಸಿದ್ರಿ ನೀವು."

ನಾನು ಕ್ಷಮೆ ಕೇಳಿದೆ. ಅವರು ಕ್ಷಮಿಸಿದೆ ಎನ್ನಲಿಲ್ಲ. ಗುರುವಿನೊಡನೆ ತಾವೇ ಮಾತಾಡುವುದಾಗಿ ಹೇಳಿ ನಂಬರ್ ಕೇಳಿದರು, ಕೊಟ್ಟೆ. ಆ ಇಬ್ಬರ ಹೆಸರನ್ನು ನಾನು ಕೇಳಿ ಪಡೆದೆ. ಒಬ್ಬರಿಗೆ ಆಗಲೇ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಅವರಿಗೆ ಗುರುವಿನ ನೆನಪೇ ಇರಲಿಲ್ಲ. ಇನ್ನೊಬ್ಬರು ಸಿಕ್ಕಿಲ್ಲ, ಸಿಗುವವರೆಗೂ ಮಾಡುತ್ತೇನೆ. ಸೋಮವಾರ ಲಿಮ್ ಅವರಿಗೆ ಎದುರು ಕೂತು ಹೇಳಿದೆ. ನನ್ನ ಸ್ಥಾನದ ವಿಷಯ ಅವರು ಇನ್ನೂ ಏನೂ ತೀರ್ಮಾನಿಸಿಲ್ಲ. ಅನಘಾಳಿಗೆ, ಪ್ರೊಸೆಸರ್ ಎಣಿಕೆಯನ್ನು ಕಂಡುಹಿಡಿದದ್ದು ಅಪ್ಪ ಎಂದೂ, ಅದನ್ನು ಅಮ್ಮ ತನ್ನದೆಂದು ಹೇಳಿಕೊಂಡಳೆಂದೂ ತಿಳಿಸಿದೆ. "ಬಟ್ ವೈ?" ಎಂದಳು.

ಆದರೆ ಲಿಮ್ ಅವರಿಗೂ ಮಗಳಿಗೂ ಹೇಳುವ ಮೊದಲು, ಆ ಭಾನುವಾರವೇ, ಗುರು ಹೊರಗಿನಿಂದ ಬಂದಾಗ ಆ ಇಬ್ಬರ ವಿಷಯವನ್ನು ಅವನಿಗೆ ಹೇಳಬೇಕಿತ್ತು. ಮೊದಲನೆಯದಕ್ಕಿಂತ ಇದನ್ನು ಹೇಳುವುದು ಕಷ್ಟವಾಯಿತು. ಅವನ ಅರ್ಜಿಗಳಿಗೆ ಉತ್ತರ ಬಾರದೆ ಹೋದದ್ದಕ್ಕೂ ನಾನೇ ಕಾರಣ ಎಂದು ಹೇಳಬೇಕಿತ್ತಲ್ಲ. ಹೇಳಿದೆ. ಅವನು ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡ.

"ಇನ್ನೂ ಏನಾದ್ರೂ ಇದ್ಯಾ?" ಎಂದು ಕೇಳಿದ.

"ಇಲ್ಲ," ಎಂದೆ. "ಇಷ್ಟೇ."

ಅವನು ತಲೆ ಎತ್ತಿ ನನ್ನ ಮುಖ ನೋಡಿದ. ನಾನು ನಿಜ ಹೇಳುತ್ತಿದ್ದೇನೆಯೇ ಎಂದು ನೋಡಿದ. ಮದುವೆಯಾದಾಗಿನಿಂದ ಅವನು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.